ಬರೀ ಕತ್ತಲಲ್ಲಿ ಕಂಡ ಚುಕ್ಕೆ

“ಗುರುಗಳೇ, ನಮ್ಮ ಜಗಲಿಯಲ್ಲಿ ಹತ್ತು ದಿನ ಮಲಗಿದ್ದ ಮುದುಕ ಇಂದು ಬೆಳಿಗ್ಗೆ ತೀರಿಕೊಂಡ. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಯಾರೂ ಇಲ್ಲದವರನ್ನು ದೇವರು ಯಾಕಾದರೂ ಹುಟ್ಟಿಸುತ್ತಾನೆ?” ಎಂದು ಶಿಷ್ಯ ಕೇಳಿದ. ಆ ಹತ್ತು ದಿನವೂ ಅವನು ಮುದುಕನ ಪಕ್ಕದಿಂದ ಸುತ್ತಿಕೊಂಡು ಹೋಗಿಯೇ ಬಾವಿಯಿಂದ ನೀರು ತಂದಿದ್ದ.

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಗಡಿಯಾರ ರಿಪೇರಿಯವನಿದ್ದ. ಹಗಲೆಲ್ಲ ಅಂಗಡಿ, ಕತ್ತಲಾದರೆ ತಾರಸಿಯ ಮೇಲೆ ದೂರದರ್ಶಕ. ಕೆಲವು ನಕ್ಷತ್ರಗಳು ಸಾಯುವಾಗ ಸಿಡಿಯುತ್ತವೆ. ಕೆಲವು ವಾರ ಜೋರಾಗಿ ಬೆಳಗಿ ಆರಿಹೋಗುತ್ತವೆ. ಅಂಥದೊಂದನ್ನು ಎಲ್ಲರಿಗಿಂತ ಮೊದಲು ತಾನು ಕಾಣಬೇಕು ಎಂಬುದೊಂದೇ ಅವನ ಆಸೆ. ಇಪ್ಪತ್ತೆರಡು ವರ್ಷ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದ. ಹೆಂಡತಿ ಬೈದಳು, ನೆಂಟರು ನಕ್ಕರು, ಆಸಾಮಿ ಜಗ್ಗಲಿಲ್ಲ.

ಗ್ಯಾಲಕ್ಸಿ ಎಂದರೆ ನಕ್ಷತ್ರಗಳ ಊರು. ನಕ್ಷತ್ರ ಸಿಡಿದರೆ ಅಲ್ಲೇ ಸಿಡಿಯಬೇಕೆಂದು ಅವನು ಗ್ಯಾಲಕ್ಸಿಗಳ ಚಿತ್ರ ತೆಗೆಯುತ್ತಿದ್ದ. ಬೆಳಿಗ್ಗೆ ಅಂಗಡಿಯಲ್ಲಿ ಕೂತು ಹಳೆಯ ಚಿತ್ರದ ಪಕ್ಕ ಹೊಸದನ್ನಿಟ್ಟು ಹೋಲಿಸುತ್ತಿದ್ದ. ಕ್ಯಾಮೆರಾದ ದೋಷದಿಂದ ಚಿತ್ರದಲ್ಲಿ ಸುಳ್ಳು ಚುಕ್ಕೆಗಳು ಮೂಡುವುದುಂಟು. ಅವನ್ನು ಒರೆಸಿ, ಶುದ್ಧವಾದ ಚಿತ್ರವನ್ನಷ್ಟೇ ಇಟ್ಟುಕೊಳ್ಳುವುದು ಅವನ ಪದ್ಧತಿ.

ಒಂದು ದಿನ ಚಿತ್ರದ ಮೂಲೆಯಲ್ಲಿ, ಬರೀ ಕತ್ತಲಲ್ಲಿ, ಹೊಸ ಚುಕ್ಕೆಯೊಂದು ಕಂಡಿತು. ಇದೇ ಹುಚ್ಚು ಹಿಡಿದಿದ್ದ ಔಷಧಿ ಅಂಗಡಿಯ ಗೆಳೆಯನನ್ನು ಕರೆದು ತೋರಿಸಿದ.

“ಪಕ್ಕದಲ್ಲಿ ಗ್ಯಾಲಕ್ಸಿ ಇದೆಯೇನಯ್ಯಾ?” ಎಂದ ಗೆಳೆಯ.

“ಇಲ್ಲ ಮಾರಾಯ, ಸುತ್ತ ಏನೂ ಇಲ್ಲ.”

“ಹಾಗಾದರೆ ಅದು ಕ್ಯಾಮೆರಾದ ಕಸ. ಊರೇ ಇಲ್ಲದ ಕಡೆ ನಕ್ಷತ್ರ ಎಲ್ಲಿಂದ ಬರಬೇಕು? ಒರೆಸಿ ಹಾಕು.”

ಒರೆಸಿದ. ಮರುದಿನವೂ ಚುಕ್ಕೆ ಇತ್ತು, ಒರೆಸಿದ. ಐದು ವಾರ ಹೀಗೇ ನಡೆಯಿತು. ಬರಬರುತ್ತ ಅದು ಮಂಕಾಯಿತು. ಒರೆಸುವ ಕೆಲಸ ಹಗುರಾಯಿತೆಂದು ಅವನಿಗೆ ಖುಷಿಯೇ ಆಯಿತು.

ಒಂದು ಬೆಳಿಗ್ಗೆ ಚುಕ್ಕೆ ಇರಲಿಲ್ಲ. ಸದ್ಯ, ಪೀಡೆ ತೊಲಗಿತು ಎಂದುಕೊಂಡು ಅವನು ರಿಪೇರಿಗೆ ಬಂದಿದ್ದ ಗಡಿಯಾರವೊಂದನ್ನು ಬಿಚ್ಚಿದ. ಒಳಗೆ ಧೂಳು ತುಂಬಿತ್ತು. ಹೊಕ್ಕ ಧೂಳು ತಾನಾಗಿ ಹೊರಗೆ ಹೋದದ್ದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಹಾಗಾದರೆ ಆ ಕಸ ಹೇಗೆ ಹೋಯಿತು? ಬಿಚ್ಚಿದ ಗಡಿಯಾರವನ್ನು ಹಾಗೇ ಬಿಟ್ಟು ಎದ್ದ.

ತಿಳಿದವರೊಬ್ಬರಿಗೆ ಬರೆದು ಕೇಳಿದ. “ಕೆಲವು ಗ್ಯಾಲಕ್ಸಿಗಳು ತೀರ ಮಂಕು, ನಮ್ಮ ಮಸೂರಗಳಿಗೆ ಕಾಣುವುದಿಲ್ಲ. ಅಲ್ಲಿ ಸಿಡಿದ ನಕ್ಷತ್ರವಷ್ಟೇ ಕಾಣುತ್ತದೆ. ನೀವು ಕಂಡದ್ದು ಅದೇ ಇರಬೇಕು. ಚಿತ್ರ ಕಳಿಸಿ” ಎಂದು ಉತ್ತರ ಬಂತು. ಅವನು ಐದು ವಾರದ ಚಿತ್ರಗಳನ್ನೆಲ್ಲ ತೆಗೆದು ನೋಡಿದ. ಎಲ್ಲವೂ ಶುದ್ಧವಾಗಿದ್ದವು. ಬೇರೆ ಯಾರೂ ಆ ಮೂಲೆಯನ್ನು ನೋಡಿರಲಿಲ್ಲ. ಅಂಗಡಿಯ ಬಾಗಿಲು ಎಳೆದುಕೊಂಡು ಬಿಕ್ಕಿ ಬಿಕ್ಕಿ ಅತ್ತ. ಆಮೇಲೆ ಅವನು ತಾರಸಿ ಹತ್ತಲಿಲ್ಲ.

“ಪಾಪ, ಆ ನಕ್ಷತ್ರಕ್ಕೂ ಯಾರೂ ಇರಲಿಲ್ಲ” ಎಂದ ಶಿಷ್ಯ.

“ಒಬ್ಬನಿದ್ದ” ಎಂದರು ಗುರುಗಳು, “ದಿನವೂ ಒರೆಸುತ್ತಿದ್ದ.”