ಬೆಳಕು ಬಿದ್ದಲ್ಲಿ ಮುಟ್ಟದ ಯಮನೂರ

ಹೂಂ ಅನ್ನುವವರಿದ್ದರೆ ಹೇಳುತ್ತೇನೆ, ಇಲ್ಲದಿದ್ದರೆ ಕತೆ ನನ್ನ ಹೊಟ್ಟೆಯಲ್ಲೇ ಇರಲಿ. ಹೂಂ ಅಂದಿರಾ? ಹಾಗಾದರೆ ಕೇಳಿ.

ಕೌದಿ ಹೊಲಿಯುವ ಕಾಶವ್ವನಿಗೆ ಒಬ್ಬನೇ ಮಗ, ಯಮನೂರ. ಒಂಬತ್ತನೇ ಇಯತ್ತೆ. ಗಣಿತದಲ್ಲಿ ಸೊನ್ನೆ, ವಿಜ್ಞಾನದಲ್ಲಿ ಸೊನ್ನೆ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು, ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಏನು ಕಂಡರೂ ಬಾಯಿ ತೆರೆದು "ಅಬಬಬಬಾ!" ಅನ್ನುವವನು.

ಹೆಡ್‌ಮಾಸ್ತರು ಕಾಶವ್ವನನ್ನು ಕರೆಸಿ ಹೇಳಿದರು: "ಚಿತ್ರಕಲಾ ಒಂದರ ಪಾಸಾಗ್ಲಿ ಕಾಶವ್ವಾ. ಅದೂ ಹೋತಂದ್ರ ಸಾಲಿ ಬಿಡಿಸಿ ಕರಕೊಂಡ ಹೋಗು."

ಪಾಪ, ಆ ಒಂದು ವಿಷಯದ ಮೇಲೆ ಅವಳ ಜೀವ ನಿಂತಿತು.

ಮೊದಲ ದಿನ ಚಿತ್ರಕಲೆಯ ಹೂಗಾರ ಮಾಸ್ತರು ಸ್ಟೂಲಿನ ಮೇಲೆ ತಾಮ್ರದ ಕೊಡ ಇಟ್ಟರು. "ಕಂಡದ್ದನ್ನ ಕಂಡಂಗ ಬರೀರಿ!"

ಕಡೇ ಬೆಂಚಿನ ಯಮನೂರನಿಗೆ ಕಂಡದ್ದು ಮುಂದೆ ಕೂತ ವಿರೂಪಾಕ್ಷಿಯ ತಲೆ. ಅದರಲ್ಲಿ ಎರಡು ಸುಳಿ! ಒಂದು ಬಲಕ್ಕೆ ತಿರುಗಿದೆ, ಇನ್ನೊಂದು ಎಡಕ್ಕೆ. ಅಬಬಬಬಾ! ಒಂದೊಂದೇ ಕೂದಲು ಎಣಿಸಿ ಎಣಿಸಿ ಬರೆದ.

"ಕೊಡ ಎಲ್ಲೋ?"

"ತಲಿ ಆಚೆ ಐತ್ರಿ ಸರ."

ಮಾಸ್ತರು ಹಣೆ ಚಚ್ಚಿಕೊಂಡರು. ಮನೆಯಲ್ಲಿ ಕಾಶವ್ವ ಸೂಜಿ ಎತ್ತಿ ಹಿಡಿದು ಬೈದಳು. "ಹತ್ತ್ರ ಹೋಗಿ ನೋಡಬೇಕಲೋ ಮೂಳಾ!"

"ಹೂಂ ಯವ್ವಾ. ಹತ್ತ್ರ ಹೋಗ್ತೀನಿ."

ಮುಂದಿನ ವಾರ ಹೆಡ್‌ಮಾಸ್ತರೇ ರುಮಾಲು ಸುತ್ತಿ ಕುರ್ಚಿಯಲ್ಲಿ ಕೂತರು, ಅವರ ಮುಖ ಬರೆಯಬೇಕು. ಯಮನೂರ ಹತ್ತಿರ ಹೋದ. ಇನ್ನೂ ಹತ್ತಿರ ಹೋದ. ಮೂಗಿಗೆ ಮೂಗು ತಾಗಿತು! ಅಲ್ಲೊಂದು ನರೂಲಿ, ಅದರಲ್ಲಿ ಮೂರು ಕೂದಲು. ಅಬಬಬಬಾ! ಹಾಳೆ ತುಂಬ ನರೂಲಿಯನ್ನೇ ಬರೆದ.

"ಇದು ನಾನೇನಲೇ?" ಹೆಡ್‌ಮಾಸ್ತರು ಕುರ್ಚಿಯಿಂದ ಎದ್ದೇಬಿಟ್ಟರು. ಕಾಶವ್ವ ಅವತ್ತು ತಟ್ಟುತ್ತಿದ್ದ ರೊಟ್ಟಿ ಬಿಟ್ಟು ಎದ್ದು ಬಂದಳು. "ದೂರ ನಿಂತು ನೋಡಲೋ! ದೂರ!"

"ಹೂಂ ಯವ್ವಾ. ದೂರ ನಿಲ್ತೀನಿ."

ಶಾಲೆಯ ಕಟ್ಟಡ ಬರೆಯಲು ಹೇಳಿದ ದಿನ ಯಮನೂರ ಹಿಂದಕ್ಕೆ ಹಿಂದಕ್ಕೆ ಹೋದ. ಮೈದಾನ ದಾಟಿದ, ಹಳ್ಳ ದಾಟಿದ, ಗುಡ್ಡ ಹತ್ತಿದ. ಸಂಜೆಗೆ ಬಂದು ಹಾಳೆ ಕೊಟ್ಟ. ಹಾಳೆಯಲ್ಲೆಲ್ಲ ಆಕಾಶ!

"ಸಾಲಿ ಎಲ್ಲೋ?"

"ಇಲ್ಲೊಂದು ಸಾಸವಿಕಾಳಿನಷ್ಟು ಐತಲ್ರಿ. ಎಷ್ಟ ಸಣ್ಣದೈತ್ರಿ ಸರ ನಮ್ಮ ಸಾಲಿ, ಅಬಬಬಬಾ!"

ಮಾಸ್ತರಿಗೆ ಬೈಯಲು ಕಸುವೇ ಉಳಿದಿರಲಿಲ್ಲ. "ನಾಳೆ ಪರೀಕ್ಷಾ ಐತಿ, ಒಂದ ಮಾತು ನೆನಪಿಡು ನಮ್ಮಪ್ಪಾ. ಬೆಳಕು ಬಿದ್ದಲ್ಲಿ ಮುಟ್ಟಬ್ಯಾಡ. ನೆರಳು ಬಿದ್ದಲ್ಲಿ ಪೆನ್ಸಿಲ್ ಬಳಿ. ಅಷ್ಟ!"

"ಹೂಂ ಸರ. ಅಷ್ಟ."

ಪರೀಕ್ಷೆಗೆ ಪೇಟೆಯಿಂದ ಪರೀಕ್ಷಕರು ಬಂದರು. ಸ್ಟೂಲಿನ ಮೇಲೆ ಅದೇ ತಾಮ್ರದ ಕೊಡ. ಯಮನೂರನಿಗೆ ಈ ಸಲ ಕಿಟಕಿ ಪಕ್ಕದ ಜಾಗ, ಯಾರ ತಲೆಯೂ ಅಡ್ಡವಿಲ್ಲ. ಕೊಡದ ಮೇಲೆ ಬಿಸಿಲು ಬಿದ್ದು ಅದು ಧಗಧಗ ಹೊಳೆಯಿತು. ಮುಟ್ಟುವ ಹಾಗಿಲ್ಲ! ನೆರಳೆಲ್ಲಿ? ಹುಡುಕಿದ. ಬಗ್ಗಿ ನೋಡಿದರೆ ತನ್ನ ಹಾಳೆಯ ಮೇಲೇ ಬಿದ್ದಿದೆ. ಕಿಟಕಿ ಸರಳಿನದು, ಬೇವಿನ ಎಲೆಯದು. ಅಬಬಬಬಾ!

ಬಳಿದ. ನೆರಳು ಒಂದು ಬೆರಳು ಸರಿದರೆ ಹಾಳೆಯನ್ನೂ ಒಂದು ಬೆರಳು ಸರಿಸಿದ, ಹಾಳೆ ಅಂಚಿಗೆ ಬಂದರೆ ಬೆಂಚನ್ನೇ ಎಳೆದ. ಸರಳಿನ ಮೇಲೊಂದು ಗುಬ್ಬಿ ಬಂದು ಕೂತಿತು. ಹಾರುವುದರೊಳಗೆ ಅದನ್ನೂ ಬಳಿದ.

ಹೊತ್ತಾಯಿತು. ಪರೀಕ್ಷಕರು ಬಂದು ಹಾಳೆ ನೋಡಿ ಕಿಟಕಿಯತ್ತ ತಿರುಗಿ, "ಹುಶ್!" ಅಂದರು. ಕಿಟಕಿಯಲ್ಲಿ ಗುಬ್ಬಿ ಇಲ್ಲ. ಹಾಳೆಯಲ್ಲಿದೆ! ಹಾಳೆಯನ್ನು ಕತ್ತಲೆ ಮೂಲೆಗೆ ಒಯ್ದರು. ನೆರಳು ಅಲ್ಲಿಗೂ ಬಂತು! ಅಂಗೈಯಿಂದ ಸವರಿದರು. ಕೈಗೆ ಕಪ್ಪು ಹತ್ತಿತು. ನೆರಳಲ್ಲ, ಪೆನ್ಸಿಲ್!

"ಕೊಡ ಎಲ್ಲಪ್ಪಾ?" ಮೆಲ್ಲಗೆ ಕೇಳಿದರು.

"ಅದರ ಮ್ಯಾಲೆ ಬೆಳಕು ಬಿದ್ದಿತ್ರಿ ಸರ. ಮುಟ್ಟಬ್ಯಾಡ ಅಂದಾರ."

ಹೂಗಾರ ಮಾಸ್ತರು ಗೋಡೆ ಕಡೆ ತಿರುಗಿ ನಿಂತರು. ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಪರೀಕ್ಷಕರು ಮಾತ್ರ ನಗಲಿಲ್ಲ. ಹಾಳೆಯ ಮೂಲೆಯಲ್ಲಿ 'ಪಾಸು' ಅಂತ ಬರೆದು ಅವನ ಕೈಗೇ ಕೊಟ್ಟರು. "ನಿಮ್ಮವ್ವಗ ತೋರಸು. ಲಕ್ಷಕ್ಕ ಒಬ್ಬರಿಗೆ ಇಂಥಾ ಕಣ್ಣು. ಧೂಳು, ಬಿಸಲು ತಾಗದಂಗ ಜ್ವಾಕಿ ಮಾಡು!"

"ಹೂಂ ಸರ. ಜ್ವಾಕಿ ಮಾಡ್ತೀನಿ."

ಕಾಶವ್ವ ಬಾಗಿಲಲ್ಲೇ ಕಾಯುತ್ತಿದ್ದಳು. ದೂರದಲ್ಲಿ ಮಗ ಬಂದ. ಎಮ್ಮೆಗೆ ಡಿಕ್ಕಿ ಹೊಡೆದ, ಬೇಲಿಗೆ ಸಿಕ್ಕಿಕೊಂಡ, ಕಟ್ಟೆ ಎಡವಿದ. ನೋಡಿದರೆ ಎರಡೂ ಕಣ್ಣಿಗೆ ಟವೆಲು ಬಿಗಿದು ಕಟ್ಟಿಕೊಂಡಿದ್ದಾನೆ!

"ಪಾಸಾದ್ನಿ ಯವ್ವಾ! ಆದ್ರ ಇನ್ನ ಮುಂದ ಕಣ್ಣು ತೆರಿಯಂಗಿಲ್ಲ."

ಬೈಯಲು ಅವಳು ಬಾಯಿ ತೆರೆದಳು. ಬೈದರೆ ಮತ್ತೆ ಬುದ್ಧಿ ಹೇಳಬೇಕಾಗುತ್ತದೆ ಅಂತ ಮುಚ್ಚಿಕೊಂಡಳು. ಹಾಳೆ ಇಸಿದುಕೊಂಡು ನೋಡಿದಳು. ಎಲೆ ಕಂಡಳು, ಸರಳು ಕಂಡಳು, ಗುಬ್ಬಿ ಕಂಡಳು. ಅವಳ ಕಣ್ಣು ತುಂಬಿ ಬಂತು.

"ಅಬಬಬಬಾ!" ಅಂದಳು ಕಾಶವ್ವ.

"ಏನ ಯವ್ವಾ?" ಟವೆಲಿನೊಳಗಿಂದ ಮಗ ಕೇಳಿದ. "ಏನೈತಿ ಅಲ್ಲಿ? ನನಗೂ ಹೇಳ ಯವ್ವಾ!"