ಏಳು ದಿನದ ಬಿಸಿಲು, ಮೂರು ಸೊನ್ನೆ

ಹೊಳೆ ದಂಡೆಯ ಆಶ್ರಮದಲ್ಲಿ ಹಾಲಯ್ಯಜ್ಜ ಅಂತ ಒಬ್ಬರಿದ್ದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ಬಂದವರು. ಮಂತ್ರ ಬೇಕು ಅಂದವರನ್ನು ಸ್ವಾಮಿಗಳ ಕಡೆ ಕಳಿಸುತ್ತಿದ್ದರು. ಹಳೇ ಕಾಲದ ಕಂಪ್ಯೂಟರನ್ನು ಕೈಯಾರೆ ಕಟ್ಟಬೇಕು ಅಂದವರನ್ನು ಮಾತ್ರ ತಮ್ಮ ತಗಡಿನ ಶೆಡ್ಡಿಗೆ ಕರೆದುಕೊಳ್ಳುತ್ತಿದ್ದರು.

ಅಂಥವರು ವರ್ಷಕ್ಕೆ ಒಬ್ಬರು ಬಂದರೆ ಹೆಚ್ಚು. ಆ ವರ್ಷ ಬಂದವನು ನಾಗಭೂಷಣ.

ವಯಸ್ಸು ನಲವತ್ತಾರು. ಟೈಪಿಂಗ್ ಶಾಲೆ, ಕ್ಯಾಸೆಟ್ ಅಂಗಡಿ, ಝೆರಾಕ್ಸ್ ಅಂಗಡಿ, ಮೂರನ್ನೂ ತೆರೆದು ಮೂರನ್ನೂ ಮುಚ್ಚಿದವನು. ಯಾವುದೂ ಮುಳುಗಿರಲಿಲ್ಲ. ಒಂದೊಂದರಲ್ಲೂ ಏನೋ ಒಂದು ಕೊರತೆ ಕಂಡಿತ್ತು, ಅಷ್ಟಕ್ಕೇ ಬಾಗಿಲು ಎಳೆದು ಬೇರೆಯದನ್ನು ಶುರು ಮಾಡಿದ್ದ.

"ಇದೊಂದನ್ನಾದರೂ ಮುಗಿಸಬೇಕು ಅಜ್ಜಾರೇ," ಅಂದಿದ್ದ ಮೊದಲ ದಿನ.

ಪೇಟೆಯಿಂದ ಅವನು ಹೊಸ ಮೆಮೊರಿ ಚಿಪ್ ತಂದಿದ್ದ. ಬರೆದದ್ದನ್ನು ಕ್ಷಣದಲ್ಲಿ ಅಳಿಸಿ ಮತ್ತೆ ಬರೆಯಬಹುದಾದ ಮಾಲು. ಅಜ್ಜ ಅದನ್ನು ಬೆಳಕಿಗೆ ಹಿಡಿದು ನೋಡಿ ವಾಪಸ್ ಕೊಟ್ಟರು. ಬಿಸ್ಕತ್ತಿನ ಡಬ್ಬಿಯಿಂದ ಹಳೆಯದೊಂದನ್ನು ತೆಗೆದರು. ಅದರ ನೆತ್ತಿಯ ಮೇಲೆ ಉಗುರಗಲದ ಗಾಜಿನ ಕಿಟಕಿ.

"ನಂದೂ ಚೆನ್ನಾಗೇ ಇದೆಯಲ್ಲ ಅಜ್ಜಾರೇ?"

"ಚೆನ್ನಾಗೈತೆ. ಇದರ ಗುಣ ನನಗೆ ಗೊತ್ತು."

ಗುಣ ಇಷ್ಟೇ. ಖಾಲಿ ಚಿಪ್‌ನ ತುಂಬ ಒಂದುಗಳೇ. ಬರೆಯುವುದೆಂದರೆ ಬೇಕಾದಲ್ಲಿ ಒಂದನ್ನು ಸೊನ್ನೆ ಮಾಡುವುದು. ಸೊನ್ನೆಯಾದದ್ದು ಮತ್ತೆ ಒಂದಾಗಬೇಕಾದರೆ ಆ ಕಿಟಕಿಯ ಮೇಲೆ ಏಳು ದಿನ ಗಟ್ಟಿ ಬಿಸಿಲು ಬೀಳಬೇಕು. ಆಗ ತಪ್ಪೂ ಹೋಗುತ್ತದೆ, ಸರಿಯೂ ಹೋಗುತ್ತದೆ.

"ಅಳಿಸೋಕೆ ಅಂತಲೇ ಒಂದು ದೀಪ ಬರ್ತದಂತಲ್ಲ?"

"ಬರ್ತೈತೆ. ನಮ್ಮದು ಸುಟ್ಟೈತೆ."

ಬರೆಯಲಿಕ್ಕೆ ಒಂದು ಪೆಟ್ಟಿಗೆ, ಅದರ ಮೇಲೆ ಎಂಟು ಸ್ವಿಚ್ಚು, ಒಂದು ಗುಂಡಿ. ಚಿಪ್ಪಿನೊಳಗೆ ಎಂಟು ಒಂದು-ಸೊನ್ನೆ ಹಿಡಿಯುವ ಜಾಗಕ್ಕೆ ಮನೆ ಅಂತ ಹೆಸರು; ಅವನ ಪ್ರೋಗ್ರಾಂ ಅಂಥ ಮುನ್ನೂರು ಮನೆಗಳದ್ದು. ಒಂದೊಂದು ಮನೆಗೂ ಕಾಗದ ನೋಡಿ, ಎಂಟು ಸ್ವಿಚ್ಚನ್ನು ಒಂದಕ್ಕೆ ಮೇಲೆ, ಸೊನ್ನೆಗೆ ಕೆಳಗೆ ಮಾಡಿ, ಗುಂಡಿ ಒತ್ತಬೇಕು. ಎರಡು ದಿನದ ಕೆಲಸ.

ಮೊದಲ ಸಲ ಒಂದು ಮನೆ ತಪ್ಪಿತು. ನಾಗಭೂಷಣ ಚಿಪ್ಪನ್ನು ಕಿತ್ತು ತಂದ.

"ಅಜ್ಜಾರೇ, ಬಿಸಿಲು ಎಲ್ಲಿ ಚೆನ್ನಾಗಿ ಬೀಳ್ತದೆ?"

ಅಜ್ಜ ಸೋಪಾನದ ಕಲ್ಲು ತೋರಿಸಿದರು. ಏಳು ದಿನ ಕಾದ. ಮತ್ತೆ ಬರೆದ. ಈಗ ಇನ್ನೊಂದು ಕಡೆ ತಪ್ಪಿತು. ಮತ್ತೆ ಕಲ್ಲು, ಮತ್ತೆ ಏಳು ದಿನ.

ಹೀಗೆ ಎಂಟು ಸಲ. ಅಡುಗೆಯ ಪುಟ್ಟಮಲ್ಲಮ್ಮ, "ಏನಣ್ಣಾ, ನಿನ್ನ ಹಪ್ಪಳ ಒಣಗಿತಾ?" ಅಂತ ಕೇಳುವುದನ್ನೂ ಬಿಟ್ಟಳು.

ಒಂಬತ್ತನೇ ಸಲ ಬರೆದು ಮುಗಿಸುವಾಗ ನಾಗಭೂಷಣನ ಕಣ್ಣು ಉರಿಯುತ್ತಿತ್ತು. ಚಿಪ್ಪನ್ನು ತಾನು ಕಟ್ಟಿದ ಯಂತ್ರಕ್ಕೆ ಕೂರಿಸಿ ಸ್ವಿಚ್ ಹಾಕಿದ. ಯಂತ್ರ ಮೊದಲು ತನ್ನ ನೆನಪನ್ನು ಹಿಡಿದಿಡುವ ಇನ್ನೊಂದು ಚಿಪ್ಪಿಗೆ ಒಂದು ಅಂಕಿ ಹಾಕಿ, ವಾಪಸ್ ಓದಿ, ಬರಬೇಕಾದ ಉತ್ತರಕ್ಕೆ ಹೋಲಿಸಿ ತಾನೇ ಪರೀಕ್ಷೆ ಮಾಡಿಕೊಳ್ಳಬೇಕು, ಆಮೇಲೆ ಕೆಂಪು ಅಂಕಿಗಳಲ್ಲಿ ಎಣಿಕೆ ಶುರು ಮಾಡಬೇಕು. ಅಂಕಿ ಬರಲಿಲ್ಲ. ಪರೀಕ್ಷೆಯ ಪುಟ್ಟ ದೀಪ ಮಿಣುಕಿತು, ಆರಿತು, ಮತ್ತೆ ಮಿಣುಕಿತು. ಯಂತ್ರ ಮತ್ತೆ ಮತ್ತೆ ಮೊದಲಿಗೇ ಹೋಗುತ್ತಿತ್ತು.

"ನೆನಪಿನ ಚಿಪ್ಪೇ ಕೆಟ್ಟಿರಬೇಕು," ಅಂದ.

ಅಜ್ಜ ಯಂತ್ರದ ಸ್ವಿಚ್ಚುಗಳಿಂದಲೇ ಅದರೊಳಗೆ ಒಂದು ಅಂಕಿ ಇಟ್ಟು, ವಾಪಸ್ ಓದಿದರು. ಇಟ್ಟದ್ದೇ ಬಂತು.

"ನೆನಪು ಸರಿಯಾಗೈತೆ. ಪರೀಕ್ಷೆ ಮಾಡೋದು ನೀನು ಬರೆದ ಚಿಪ್ಪು, ಅದರ ಹತ್ರಾನೇ ತಪ್ಪು ಉತ್ತರ ಐತೆ, ನೋಡು."

ನಾಗಭೂಷಣ ಕಾಗದ ಹಿಡಿದು ಮನೆ ಮನೆ ತಡಕಿದ. ಸಿಕ್ಕಿತು. ಬರಬೇಕಾದ ಉತ್ತರ ಸೊನ್ನೆ ಒಂದು, ಸೊನ್ನೆ ಒಂದು ಅಂತ ಇತ್ತು. ಊಟದ ಗಂಟೆ ಹೊಡೆದ ಹೊತ್ತಿಗೆ ಆ ಒಂದು ಸಾಲನ್ನು ಬಲಗಡೆಯಿಂದ ಓದಿ, ಒಂದು ಸೊನ್ನೆ, ಒಂದು ಸೊನ್ನೆ ಅಂತ ಒತ್ತಿಬಿಟ್ಟಿದ್ದ.

ಚಿಪ್ಪನ್ನು ಕಿತ್ತುಕೊಂಡು ಎದ್ದ.

"ಬಿಸಿಲು ಎಲ್ಲಿ ಬೀಳ್ತದೆ ಅಜ್ಜಾರೇ?"

"ಎಲ್ಲೂ ಬೀಳಲ್ಲ. ಆಕಾಶ ನೋಡು. ಮಳೆಗಾಲ ಹಿಡೀತು, ಇನ್ನೆರಡು ತಿಂಗಳು ಗಟ್ಟಿ ಬಿಸಿಲಿಲ್ಲ."

ನಾಗಭೂಷಣ ಬಾಗಿಲಲ್ಲಿ ನಿಂತು ನೋಡಿದ. ಹೊಳೆಯ ಆಚೆ ದಂಡೆ ಕಪ್ಪಾಗಿತ್ತು. ಒಳಗೆ ಬಂದು ಗೂಟದ ಮೇಲಿನ ಪಂಚೆ ಮಡಚಿ ಚೀಲಕ್ಕೆ ಹಾಕಿದ.

"ಎಲ್ಲಿಗೆ?"

"ಸಂಜೆ ಬಸ್ಸಿಗೆ. ಸಾಕಾಯ್ತು ಅಜ್ಜಾರೇ. ಇನ್ನೇನಾದರೂ ಬೇರೆ ನೋಡ್ತೀನಿ."

"ನಾಲ್ಕನೇದೂ ಮುಚ್ಚಿದೆ ಅನ್ನು."

ಅವನು ಚೀಲ ಕೈಗೆತ್ತಿಕೊಂಡ.

"ತಪ್ಪಿರೋದು ಎಷ್ಟು ಮನೆ?"

"ಒಂದು."

"ಸರಿ ಇರೋದು?"

"ಇನ್ನೂರ ತೊಂಬತ್ತೊಂಬತ್ತು. ಏನು ಮಾಡೋಣ ಹೇಳಿ. ಸೊನ್ನೆ ಒಂದಾಗಲ್ಲ."

"ಆಗಲ್ಲ. ಒಂದು ಸೊನ್ನೆ ಆಗ್ತೈತಲ್ಲ? ಚಿಪ್ ಕೊಡು ಇಲ್ಲಿ."

ಅಜ್ಜ ಅದನ್ನು ಬರೆಯುವ ಪೆಟ್ಟಿಗೆಗೆ ಕೂರಿಸಿದರು.

"ಆ ತಪ್ಪು ಮನೆಯ ಮುಂದಿನ ಮೂರು ಮನೆ ಓದು."

"ಉತ್ತರ ಹೊಂದದಿದ್ದರೆ ಮೊದಲಿಗೆ ವಾಪಸ್ ಹೋಗು. ಮೂರೂ ಸೇರಿ ಒಂದೇ ಆಜ್ಞೆ."

ಅಜ್ಜ ಎಂಟು ಸ್ವಿಚ್ಚನ್ನೂ ಕೆಳಗೆ ಮಾಡಿದರು. ಮೂರು ಮನೆಗೆ ಮೂರು ಸಲ ಗುಂಡಿ ಒತ್ತಿದರು.

"ಎಂಟೂ ಸೊನ್ನೆ ಅಂದ್ರೆ ಇದರ ಭಾಷೆಯಾಗೆ ಏನು?"

"ಏನೂ ಮಾಡಬೇಡ, ಮುಂದಿನ ಮನೆಗೆ ಹೋಗು ಅಂತ." ಹೇಳಿ ಮುಗಿಸಿದ ಮೇಲೆ ನಾಗಭೂಷಣನ ಕೈಯಲ್ಲಿದ್ದ ಚೀಲ ನೆಲಕ್ಕೆ ಇಳಿಯಿತು.

ಚಿಪ್ ಯಂತ್ರಕ್ಕೆ ಹೋಯಿತು. ದೀಪ ಒಂದು ಸಲ ಮಿಣುಕಿ ಆರಿತು. ಕೆಂಪು ಅಂಕಿಯಲ್ಲಿ ಸೊನ್ನೆ ಬಂತು. ಒಂದು. ಎರಡು. ಮೂರು.

ಕುಣಿಯುವಷ್ಟು ತ್ರಾಣ ಅವನಲ್ಲಿ ಉಳಿದಿರಲಿಲ್ಲ. ಚೀಲದ ಪಕ್ಕದಲ್ಲೇ ಕೂತ. ಎಣಿಕೆ ನಲವತ್ತು ದಾಟುವವರೆಗೂ ನೋಡುತ್ತಿದ್ದ.

"ಎಂಟು ಸಲ ಏಳು ದಿನ ಅಜ್ಜಾರೇ. ಮೊದಲೇ ಹೇಳಬಾರದಿತ್ತಾ?"

"ಪ್ರತಿ ಸಲ ನೀನು ಬಂದು ಬಿಸಿಲು ಎಲ್ಲಿ ಬೀಳ್ತದೆ ಅಂತ ಕೇಳಿದೆ. ನಾನು ತೋರಿಸಿದೆ."

ಹೊರಗೆ ತಗಡಿನ ಮೇಲೆ ಮೊದಲ ಹನಿ ಬಿತ್ತು. ಸಂಜೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ನಾಗಭೂಷಣ ಏಳಲಿಲ್ಲ. ಆದರೆ ಹಳೇ ಹುಳ ಒಳಗೇ ಕೊರೆಯುತ್ತಿತ್ತು.

"ಅಂದ್ರೆ ಪರೀಕ್ಷೆಯನ್ನೇ ತೆಗೆದುಬಿಟ್ರಿ. ಇದು ಪೂರ್ತಿ ಆದಂಗಾಯ್ತಾ?"

ಅಜ್ಜ ಕಪ್ಪು ಟೇಪನ್ನು ಹಲ್ಲಿನಿಂದ ಕತ್ತರಿಸಿ, ಚಿಪ್‌ನ ಗಾಜಿನ ಕಿಟಕಿಯ ಮೇಲೆ ಇನ್ನು ಬೆಳಕು ಹೋಗದಂತೆ ಒತ್ತಿ ಅಂಟಿಸಿದರು.

"ಎಲ್ಲಿ ತೆಗೆದೆ? ಪರೀಕ್ಷೆ ಈಗಲೂ ಮಾಡ್ಕೊಳ್ತೈತೆ. ಈಗಲೂ ಫೇಲಾಗ್ತೈತೆ. ಫೇಲಾಗಿ, ಮುಂದಕ್ಕೆ ಹೋಗ್ತೈತೆ."