ಕಚ್ಚಿದ ಮೇಲೆ ಯಾರ ನಾಯಿ?

ಕಚ್ಚೋವರೆಗೆ ಯಜಮಾನ ಇದ್ದ, ಕಚ್ಚಿದ ಮೇಲೆ ಇಲ್ಲ. ಯಾರ ನಾಯಿ, ಹೇಳಿ? ನಿಮಗೆ ಹೊಳೆಯಲ್ಲ ಬಿಡಿ, ನಮ್ಮ ಪುರಸಭೆಗೇ ಹೊಳೆದಿರಲಿಲ್ಲ.

ಆ ನಾಯಿ ಹೂ ಕಟ್ಟೋ ಚೌಡಮ್ಮನ ಬೆರಳು ಕಚ್ಚಿತ್ತು. ನಾಯಿ ಸಾಕಿದವರೇ ಚಿಕಿತ್ಸೆ ಕೊಡಿಸಬೇಕು ಅಂತ ನಮ್ಮೂರ ನಿಯಮ. ಹಾಗಂತ ಅವಳು ಪುರಸಭೆಗೆ ಅರ್ಜಿ ಕೊಟ್ಟಳು.

"ಅದು ಬೀದಿನಾಯಿ. ಅರ್ಜಿ ವಾಪಸ್ ತಗೊಳ್ಳೇ!" ಕಂಟ್ರಾಕ್ಟರ್ ಮರಿಗೌಡರು ಪುರಸಭೆಯ ಅಧಿಕಾರಿ ಎದುರೇ ಗದರಿದರು.

"ಆಗ್ಲಿ ಗೌಡ್ರೇ," ಅಂದಳು ಚೌಡಮ್ಮ. "ಸ್ವಾಮಿ, ಹಂಗಾದ್ರೆ ಎಲ್ಲಾ ಬೀದಿನಾಯಿಗೂ ಮಾಡೋ ಹಂಗೆ ಅದನ್ನೂ ವ್ಯಾನಿಗೆ ಹಾಕ್ಸಿ, ಮರಿ ಆಗದ ಹಂಗೆ ಆಪರೇಷನ್ ಮಾಡ್ಸಿ, ಗುರುತಿಗೆ ಕಿವಿ ತುದಿ ಕೊಯ್ಸಿ ಬಿಡಿ."

ಗೌಡರು ಕುರ್ಚಿಯಿಂದ ಹಾರಿದರು. "ಕಿವಿ ಮುಟ್ಟಿದ್ರೆ ಜೋಕೆ! ಜರ್ಮನಿ ತಳಿ ಕಣೇ, ಮರಿಯಿಂದ ನಾನೇ ಸಾಕಿದ್ದು!"

ಅಧಿಕಾರಿ ಅಷ್ಟನ್ನೂ ಬರೆದುಕೊಂಡರು. ಗೌಡರು ಚಿಕಿತ್ಸೆ ಕೊಡಿಸಿದರು. ಚೌಡಮ್ಮ ಮತ್ತೆ ಮಲ್ಲಿಗೆ ಕಟ್ಟಿದಳು.

ಮಲ್ಲಿಗೆ ಕಟ್ಟಿದ್ದು ಮಾತ್ರ ನಾನು ಸೇರಿಸಿದ್ದು. ಚಿಕಿತ್ಸೆ ಆಯ್ತು, ಬೆರಳು ಮಡಚಲೇ ಇಲ್ಲ.